ಸುಟ್ಟು ಮೂಸುವ ಕೆಲಸ

ಬೈತಖೋಲ ಬಂದರಿನ ಇಳಿಜಾರಿನಲ್ಲಿ, ಐಸ್ ಫ್ಯಾಕ್ಟರಿಯ ಎದುರು
ನಮ್ಮ ಅಂಗಡಿ. ಬೋರ್ಡಿನಲ್ಲಿ ಬರೆದದ್ದು:
ಪುಂಡಲೀಕ ಬಾನಾವಳಿಕರ, ಪ್ಲಾಸ್ಟಿಕ್ ವೆಲ್ಡಿಂಗ್, ಬೋಟ್ ವೈರಿಂಗ್.
ಬೋರ್ಡಿನಲ್ಲಿ ಬರೆಯದ್ದು: ಮಾಮನ ಮೂಗು ಸತ್ತು ಮೂರು ವರ್ಷ.

ಆ ಜ್ವರ ಎಲ್ಲರಿಗೂ ಬಂತು, ಹೋಯಿತು.
ಅವನದು ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು.
ಈಗ ಒಣಮೀನಿನ ಗೋದಾಮಿನ ಬಾಗಿಲಲ್ಲೇ ಕೂತು
ನೆಮ್ಮದಿಯಾಗಿ ಚಹಾ ಕುಡಿಯುತ್ತಾನೆ.
ಅದೊಂದು ಲಾಭ, ಅನ್ನುತ್ತಾನೆ.

ಆದರೆ ಈ ಕಸುಬಿಗೆ ಮೂಗೇ ಬಂಡವಾಳ.
ಒಡೆದ ಕ್ರೇಟು ಬಂದರೆ ಅಂಚಿನಿಂದ ಉಗುರಿನಷ್ಟು ಕೊಯ್ದು
ಬಾವಿನೀರಿನ ಬಕೆಟ್ಟಿಗೆ ಹಾಕಬೇಕು.
ತೇಲಿದರೆ ಪಾಲಿಥೀನಿನ ಬಳಗ, ಮುಳುಗಿದರೆ ಬೇರೆ ಕುಲ.
ಸಮುದ್ರದ ನೀರು ಬೇಡ. ಉಪ್ಪು ದಾಕ್ಷಿಣ್ಯದ್ದು,
ಮುಳುಗುವವರನ್ನೂ ಸ್ವಲ್ಪ ಎತ್ತಿ ಹಿಡಿಯುತ್ತದೆ.

ಆಮೇಲೆ ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಬೇಕು.
ಮಾಮ ಹಚ್ಚುತ್ತಾನೆ. ನಾನು ಮೂಸುತ್ತೇನೆ.
ಹೇಳು ಬಾಯ್.
ಆರಿಸಿದ ಮೇಣದಬತ್ತಿ.
ಹಾಗಾದರೆ ಗನ್ನು ಇನ್ನೂರೈವತ್ತಕ್ಕೆ ಇಡು.
ಕೂದಲು ಸುಟ್ಟ ಹಾಗೆ.
ನೈಲಾನು ಅದು, ಇನ್ನೂರು ದಾಟಿದರೂ ಸೊಪ್ಪು ಹಾಕುವುದಿಲ್ಲ,
ಸೋತರೆ ಮಾತ್ರ ಒಮ್ಮೆಗೇ, ನೀರಿನ ಹಾಗೆ.
ಹಳೆಯ ಬೇಕಲೈಟ್ ಸ್ವಿಚ್ಚನ್ನು ಅವನು ಸುಡುವುದೇ ಇಲ್ಲ.
ಹುಟ್ಟುವಾಗಲೇ ಬಿಸಿ ಕಂಡದ್ದು, ಇನ್ನೊಮ್ಮೆ ಬಗ್ಗುವುದಿಲ್ಲ,
ಕರಿಯಾದೀತು, ಅಷ್ಟೇ.

ಮಸಿಯ ಎಳೆಗಳು ಹಾರಿ, ಕೊಳೆತ ಚೆಂಡುಹೂವಿನ ಸಿಹಿ ಬಂದರೆ
ಥರ್ಮಾಕೋಲು. ಅದರ ಮೈತುಂಬ ಗಾಳಿ,
ಸೆರೆಬಿದ್ದ ಗಾಳಿಗೆ ಬಿಸಿ ಹೊತ್ತು ತಿರುಗುವ ಚಪಲವಿಲ್ಲ.
ಅದಕ್ಕೇ ರುಕ್ಮಾ ಹರಿಕಂತ್ರಳ ಇಸವಣ
ಅಣಶಿ ಘಟ್ಟ ಹತ್ತಿ ಧಾರವಾಡ ಮುಟ್ಟಿದರೂ
ಕಣ್ಣು ಬಿಟ್ಟೇ ಇರುತ್ತದೆ, ಈಗಷ್ಟೇ ಬೈಸಿಕೊಂಡವರ ಹಾಗೆ.

ಮಾಸ್ಕ್ ಹಾಕಿಕೋ, ಎನ್ನುತ್ತಾಳೆ ಆಸ್ಪತ್ರೆಯ ಫಿಲೋಮಿನಾ ಸಿಸ್ಟರ್,
ಇವೆಲ್ಲ ಪುಪ್ಪುಸಕ್ಕೆ ಇಳಿಯುವಂಥವು.
ಹಾಕಿಕೊಂಡರೆ ಮೂಸುವುದು ಯಾವುದರಲ್ಲಿ?

ಆಗಸ್ಟಿಗೆ ಎರಡು ದಿನ ಬಾಕಿ. ಮೀನುಗಾರಿಕೆಯ ರಜೆ ಮುಗಿಯುತ್ತಿತ್ತು.
‘ಜಲದುರ್ಗಾ’ದ ಎಂಜಿನ್ ಕೋಣೆಯಲ್ಲಿ ಮಾಮ ಬಗ್ಗಿದ್ದ,
ಟ್ರಯಲಿಗೆಂದು ಎಂಜಿನ್ ಓಡುತ್ತಿತ್ತು, ಜನರೇಟರೂ.
ಹೊಗೆಯಿಲ್ಲ. ಕಿಡಿಯಿಲ್ಲ.
ನನ್ನ ಮೂಗಿಗೆ ಮಾತ್ರ, ಡೀಸೆಲ್ಲಿನ ಸಂದಿಯಿಂದ,
ಡಬ್ಬಿ ಈಗಷ್ಟೇ ತೆರೆದ ಹೊಸ ಚಪ್ಪಲಿಯ ವಾಸನೆ.

ಎಂಜಿನ್ ಕೋಣೆಯಲ್ಲಿ ಹೊಸ ಚಪ್ಪಲಿ ಯಾರದ್ದು?

ಕಿರುಚಿದೆನಂತೆ. ತಾಂಡೇಲ ಮೇನು ಇಳಿಸಿದ.
ಧಣಿ ಅಗ್ಗಕ್ಕೆ ತಂದ ವೈರು ಸೈಲೆನ್ಸರಿಗೆ ಒರಗಿ ಮಲಗಿತ್ತು,
ಪಿವಿಸಿ ಎಂಬತ್ತು ಡಿಗ್ರಿಗೇ ಹಲ್ವದ ಹಾಗಾಗಿ
ತಾಮ್ರ ಅದರೊಳಗೆ ನಿಧಾನಕ್ಕೆ, ತನ್ನ ಬಿಗಿತಕ್ಕೇ, ಇಳಿಯುತ್ತಿತ್ತು
ಮಾಮನ ಎಡಗೈ ಊರಿದ್ದ ಕಬ್ಬಿಣದ ಕಡೆಗೆ.
ಇನ್ನೊಂದು ಕೂದಲೆಳೆಯಷ್ಟು.

ಒಂದು ಮಿಲಿಮೀಟರು ಸಾಕು, ಹತ್ತು ಸಾವಿರ ವೋಲ್ಟು ತಡೆಯುತ್ತದೆ
ಎಂದು ಸುರುಳಿಯ ಮೇಲಿನ ಚೀಟಿ.
ಚೀಟಿ ಬರೆದವರು ತಣ್ಣಗಿನ ಕೋಣೆಯಲ್ಲಿ ಕೂತಿದ್ದರು.

ಮಾಮ ಏನೂ ಹೇಳಲಿಲ್ಲ. ಮೆತ್ತಗಾದ ತುಂಡನ್ನು ಕತ್ತರಿಸಿ
ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದ.
ಯಾವ ಥರ ಇತ್ತು? ಎಂದ.
ಹೇಳಿದೆ.
ಚಪ್ಪಲಿ... ಎಂದ. ಹದಿಮೂರನೆಯ ವಯಸ್ಸಿನಲ್ಲಿ
ಸದಾಶಿವಗಡದ ಮಾವಶಿ ಕೊಡಿಸಿದ್ದಳು, ನೀಲಿ ಪಟ್ಟಿಯದು,
ರಾತ್ರಿ ದಿಂಬಿನ ಪಕ್ಕ ಇಟ್ಟು ಮಲಗಿದ್ದೆ.
ಅದೇ ಇರಬೇಕು, ಅಲ್ಲವೇ?
ಅದೇ, ಎಂದೆ. ಅದೋ ಅಲ್ಲವೋ, ನನಗೇನು ಗೊತ್ತು.

ಸಿಲಿಕೋನಿನ ತೋಳು ತೊಡಿಸಿ ಹೊಸ ವೈರು ಎಳೆದೆವು,
ಸೈಲೆನ್ಸರಿನಿಂದ ಗೇಣು ದೂರ.
ಧಣಿ ಇನ್ನೂರು ರೂಪಾಯಿ ಚೌಕಾಶಿ ಮಾಡಿದ.

ಮನೆಗೆ ಹೋಗುವಾಗ ಮಾಮ ಎಂದಿನಂತೆ ಹೂವಿನವಳ ಹತ್ತಿರ ನಿಂತ.
ಮೂರು ವರ್ಷದಿಂದ ಅವನು ಮಾಮಿಗೆ ಭಟ್ಕಳ ಮಲ್ಲಿಗೆ ತರುವುದಿಲ್ಲ,
ಅಬ್ಬಲಿಗೆ ತರುತ್ತಾನೆ.
ಅದಕ್ಕೆ ಮೊದಲಿನಿಂದಲೂ ವಾಸನೆಯಿಲ್ಲ.
ಮುಡಿದವಳಿಗೂ ನೋಡಿದವನಿಗೂ
ಸಮ.